ಕಲ್ಲಿನ ಅಕ್ಷರಕ್ಕೆ ಟಾರ್ಚಿನ ಕುಂಚ

ದೀಪಾವಳಿಯ ರಾತ್ರಿ ಮಕ್ಕಳು ಸುರುಸುರುಬತ್ತಿಯನ್ನು ಗರಗರನೆ ತಿರುಗಿಸಿದರೆ ಕತ್ತಲಲ್ಲಿ ಬೆಂಕಿಯ ಬಳೆಯೊಂದು ಮೂಡುತ್ತದೆ. ನಿಜಕ್ಕೂ ಅಲ್ಲಿ ಬಳೆಯಿಲ್ಲ. ಇರುವುದು ಉರಿಯುವ ತುದಿ ಮಾತ್ರ. ಇದೇ ಭ್ರಮೆಯನ್ನು ಗೌಡಪಾದರು ಮಾಂಡೂಕ್ಯ ಕಾರಿಕೆಯಲ್ಲಿ ವೇದಾಂತಕ್ಕೆ ಉಪಮೆಯಾಗಿ ತಂದರು. ಅದರ ನಾಲ್ಕನೆಯ ಪ್ರಕರಣದ ಹೆಸರೇ ‘ಅಲಾತಶಾಂತಿ’. ಅಲಾತವೆಂದರೆ ಕೊಳ್ಳಿ. ಕಣ್ಣು ಆ ಬಳೆಯನ್ನು ಕ್ಷಣದಲ್ಲೇ ಮರೆಯುತ್ತದೆ. ಷಟರ್ ತೆರೆದಿಟ್ಟ ಕ್ಯಾಮೆರಾ ಮರೆಯುವುದಿಲ್ಲ.

‘ಲೈಟ್ ಪೇಂಟಿಂಗ್’ ಎಂಬ ಛಾಯಾಗ್ರಹಣದ ಮೂಲ ಇಷ್ಟೇ. 1889ರಲ್ಲಿ ಫ್ರಾನ್ಸಿನ ಮರೇ ಮತ್ತು ಅವರ ಸಹಾಯಕ ಡೆಮನಿ, ಮನುಷ್ಯನ ಕೀಲುಗಳಿಗೆ ಪುಟ್ಟ ದೀಪ ಕಟ್ಟಿ ಅವನ ನಡಿಗೆಯನ್ನು ಗೆರೆಗಳಾಗಿ ಹಿಡಿದರು. 1949ರಲ್ಲಿ ಪಿಕಾಸೊ ಕತ್ತಲೆ ಕೋಣೆಯಲ್ಲಿ ದೀಪ ಹಿಡಿದು ಗಾಳಿಯಲ್ಲೇ ಚಿತ್ರ ಬರೆದಾಗ ‘ಲೈಫ್’ ಪತ್ರಿಕೆಯ ಗಿಯಾನ್ ಮಿಲಿ ಅದನ್ನು ಸೆರೆಹಿಡಿದರು.

ಅಲ್ಲಿ ದೀಪವೇ ಚಿತ್ರ. ಇದರ ಇನ್ನೊಂದು ಬಗೆಯಲ್ಲಿ ದೀಪ ಮರೆಯಲ್ಲಿದ್ದು, ಬೆಳಕನ್ನು ವಸ್ತುವಿನ ಮೇಲೆ ಸುಣ್ಣ ಬಳಿದಂತೆ ಬಳಿಯಲಾಗುತ್ತದೆ. ಹಾಸನ ಜಿಲ್ಲೆಯ ಹವ್ಯಾಸಿಗಳಿಗೆ ಇದರಲ್ಲಿ ಮೋಜಿಗಿಂತ ಹೆಚ್ಚಿನ ಉಪಯೋಗವಿದೆ. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ತಾಲ್ಲೂಕುಗಳ ಎಷ್ಟೋ ಊರುಗಳಲ್ಲಿ ಶಾಸನಗಳೂ ವೀರಗಲ್ಲುಗಳೂ ಬಯಲಲ್ಲೇ ನಿಂತಿವೆ. ಬಿ. ಎಲ್. ರೈಸ್ ಈ ಜಿಲ್ಲೆಯ ಶಾಸನಗಳನ್ನು ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಐದನೆಯ ಸಂಪುಟವಾಗಿ 1902ರಲ್ಲಿ ಪ್ರಕಟಿಸಿದರು. ಅಂದಿನಿಂದ ಈ ಕಲ್ಲುಗಳು ನೂರಿಪ್ಪತ್ತಕ್ಕೂ ಹೆಚ್ಚು ಮಳೆಗಾಲ ಕಂಡಿವೆ. ಅಕ್ಷರ ಸವೆಯುತ್ತಲೇ ಇದೆ.

ಸವೆದ ಅಕ್ಷರ ನಡುಹಗಲಲ್ಲಿ ಕಾಣುವುದಿಲ್ಲ. ಕ್ಯಾಮೆರಾದ ಫ್ಲ್ಯಾಷ್ ಎದುರಿನಿಂದ ಬಡಿಯುವುದರಿಂದ ನೆರಳೇ ಬೀಳದೆ ಕಲ್ಲು ಬೋಳಾಗಿ ಕಾಣುತ್ತದೆ. ಕಂಡೀತೆಂದು ಸುಣ್ಣ, ಸೀಮೆಸುಣ್ಣ, ಎಣ್ಣೆ ಬಳಿಯುವವರುಂಟು. ಅದು ಕಲ್ಲಿಗೆ ಮಾಡುವ ಅನ್ಯಾಯ. ಬೆಳಕಾದರೋ ಕಲೆ ಉಳಿಸುವುದಿಲ್ಲ.

ಬೇಕಾದ ಸಲಕರಣೆ ಹೆಚ್ಚಿಲ್ಲ. ಅಲುಗದ ಟ್ರೈಪಾಡ್, ಮನೆಯ ಟಾರ್ಚು, ಷಟರನ್ನು 30 ಸೆಕೆಂಡು ತೆರೆದಿಡಬಲ್ಲ ಕ್ಯಾಮೆರಾ. ಈಗ ಹಲವು ಮೊಬೈಲುಗಳ ‘ಪ್ರೊ’ ವಿಧಾನದಲ್ಲೂ ಈ ಸೌಕರ್ಯವಿದೆ. ಐಎಸ್ಒ 100, ಅಪರ್ಚರ್ ಎಫ್ 8 ಆರಂಭಕ್ಕೆ ಸಾಕು. ಮೊದಲು ಕಲ್ಲಿಗೆ ಟಾರ್ಚು ಬಿಟ್ಟು ಫೋಕಸ್ ಮಾಡಿ, ಬಳಿಕ ಅದನ್ನು ಮ್ಯಾನ್ಯುಯಲ್‌ಗೆ ತಿರುಗಿಸಬೇಕು. ಇದನ್ನು ಮರೆತರೆ ಕತ್ತಲಲ್ಲಿ ಲೆನ್ಸು ತಡಕಾಡುತ್ತದೆ. ಬೆರಳಿನ ಅದುರು ತಪ್ಪಿಸಲು ಟೈಮರ್ ಇಟ್ಟುಕೊಳ್ಳುವುದು ಒಳ್ಳೆಯದು. ಬೀದಿದೀಪದ ಕೆಳಗಿನ ಕಲ್ಲು ಈ ಕೆಲಸಕ್ಕೆ ಬಾರದು.

ಷಟರ್ ತೆರೆದ ಮೇಲೆ ಕಲ್ಲಿನ ಪಕ್ಕಕ್ಕೆ ಸರಿದು, ಟಾರ್ಚಿನ ಬೆಳಕು ಮೇಲ್ಮೈಯನ್ನು ಸವರಿಕೊಂಡು ಹೋಗುವಂತೆ ಓರೆಯಾಗಿ ಹಿಡಿಯಬೇಕು. ಕೈ ನಿಧಾನವಾಗಿ ಚಲಿಸುತ್ತಿರಬೇಕು. ನಿಂತಲ್ಲಿ ಬಿಳಿಯ ಮಚ್ಚೆ ಬೀಳುತ್ತದೆ. ಕಡುಬಣ್ಣದ ಬಟ್ಟೆ ತೊಟ್ಟು, ದೀಪದ ಮುಖ ಕ್ಯಾಮೆರಾಕ್ಕೆ ಕಾಣದಂತೆ ನೋಡಿಕೊಂಡರೆ ಚಿತ್ರದಲ್ಲಿ ಆಳಿನ ಸುಳಿವೂ ಇರದು. ವೀರಗಲ್ಲಿನ ಕೆಳಪಟ್ಟಿಯ ಕಾಳಗ, ನಡುವೆ ವೀರನನ್ನು ಒಯ್ಯುವ ಅಪ್ಸರೆಯರು, ಮೇಲೆ ಶಿವಲಿಂಗ, ಪಟ್ಟಿಗಳ ನಡುವಿನ ಬರಹ ಎಲ್ಲವೂ ನೆರಳು ಪಡೆದು ಎದ್ದು ಬರುತ್ತವೆ.

ಹಲವು ವೀರಗಲ್ಲುಗಳಿಗೆ ಇಂದಿಗೂ ಪೂಜೆ ಸಲ್ಲುತ್ತದೆ. ಊರವರನ್ನು ಹಗಲಲ್ಲೇ ಕೇಳಿ ಒಪ್ಪಿಗೆ ಪಡೆಯಬೇಕು, ಹಾವಿನ ಹುಲ್ಲನ್ನೂ ಆಗಲೇ ನೋಡಿಕೊಳ್ಳಬೇಕು. ಇನ್ನೊಂದು ತೊಡಕುಂಟು: ಬೆಳಕು ಹರಿಯುವ ದಿಕ್ಕಿನಲ್ಲೇ ಇರುವ ಗೆರೆಗೆ ನೆರಳು ಬೀಳದು. ನಮ್ಮ ದುಂಡಕ್ಷರದ ಅರ್ಧ ಒಂದು ಚಿತ್ರದಲ್ಲಿ ಕಂಡು ಉಳಿದರ್ಧ ಅಡಗಿಬಿಡುತ್ತದೆ. ಹಾಗಾಗಿ ಕ್ಯಾಮೆರಾ ಕದಲಿಸದೆ ಎಡದಿಂದೊಮ್ಮೆ, ಮೇಲಿನಿಂದೊಮ್ಮೆ ಬೆಳಕು ಹಾಯಿಸಿ ಎರಡು ಚಿತ್ರ ತೆಗೆಯುವುದು ವಾಡಿಕೆಯಾಗಲಿ.