ಕ್ರಿಸ್‌ಮಸ್ ಊಟ: ಅಡುಗೆಮನೆಗೂ ಬಿಡುವಿರಲಿ

ವಾಡಿ, ಶಹಾಬಾದ್‌ಗಳಲ್ಲಿ ಕ್ರಿಸ್‌ಮಸ್ ಆರಾಧನೆ ಮುಗಿಸಿ ಬಂದವರು ಹರಟೆಗೆ ಕೂತರೆ, ಮನೆಯೊಡತಿ ಬಿರಿಯಾನಿ ಪಾತ್ರೆಯ ಮುಂದೆ ನಿಲ್ಲುತ್ತಾಳೆ. ಎಲ್ಲರೂ ಉಂಡ ಮೇಲೆ ಆಕೆಯ ಊಟ, ಅದೂ ತಣ್ಣಗಾದದ್ದು. ಈ ಸಲ ಈ ಕ್ರಮ ಬದಲಿಸಿ ನೋಡಿ.

ಸೇಡಂ, ಚಿತ್ತಾಪುರ, ಚಿಂಚೋಳಿ ಕಡೆ ಡಿಸೆಂಬರ್ ಎಂದರೆ ತೊಗರಿಯ ಕಾಲ. ಕಲಬುರಗಿ ತೊಗರಿಬೇಳೆಗೆ 2019ರಲ್ಲಿ ಭೌಗೋಳಿಕ ಸೂಚಕದ ಮನ್ನಣೆಯೂ ದೊರೆತಿದೆ. ಹಸಿ ತೊಗರಿಕಾಯಿಯನ್ನು ಸ್ವಲ್ಪ ಉಪ್ಪು ಹಾಕಿ ಬೇಯಿಸಿ ಬುಟ್ಟಿಯಲ್ಲಿಡಿ. ಸುಲಿದು ತಿನ್ನುತ್ತ ಮಾತು ಸಾಗಲಿ. ಕರಿದ ತಿಂಡಿ ನೆನಪಾಗದು. ಪ್ರೋಟೀನು, ನಾರು ಎರಡೂ ಸಿಗುತ್ತವೆ.

ಖಡಕ್ ರೊಟ್ಟಿ, ಶೇಂಗಾ ಹಿಂಡಿಗಳನ್ನು ಎರಡು ದಿನ ಮೊದಲೇ ಮಾಡಿಡಿ. ಜತೆಗೆ ಮೊಸರು, ಸವತೆಕಾಯಿ, ಗಜ್ಜರಿ, ಮೂಲಂಗಿ ಹೋಳು. ಬಿಸಿಯಾಗಿ ಒಂದೇ ಪದಾರ್ಥ ಸಾಕು: ಕಡಿಮೆ ಎಣ್ಣೆಯ ಕೋಳಿ ಸಾರು ಅಥವಾ ಬದನೆಕಾಯಿ ಪಲ್ಯ. ಅನ್ನವನ್ನು ನೆಂಟರೊಬ್ಬರು ತರಲಿ. ಎಲ್ಲವನ್ನೂ ನಡುವೆ ಇಟ್ಟು, ಬೇಕಾದವರು ಬಡಿಸಿಕೊಳ್ಳಲಿ.

ಮಧುಮೇಹಿಗಳು ಕೇಕಿನ ಸಣ್ಣ ತುಂಡನ್ನು ಊಟದ ಜತೆಗೇ ತಿಂದು, ಆ ಹೊತ್ತಿಗೆ ಒಂದು ರೊಟ್ಟಿ ಕಡಿಮೆ ಮಾಡಲಿ. ಬೆಲ್ಲದ ಸಿಹಿಯೂ ರಕ್ತದ ಸಕ್ಕರೆ ಏರಿಸುತ್ತದೆ. ಉಳಿದವರಿಗೂ ಪೇರಲ ಹಣ್ಣು ಒಳ್ಳೆಯದು. ಹಬ್ಬದ ಗದ್ದಲದಲ್ಲಿ ಮಾತ್ರೆ ಮರೆಯಬಾರದು.

ಒಂದು ಎಚ್ಚರಿಕೆ: ಉಳಿದ ಅನ್ನ, ಮಾಂಸವನ್ನು ಎರಡು ತಾಸಿನೊಳಗೆ ಫ್ರಿಜ್‌ನಲ್ಲಿಡಿ. ಹೊರಗೇ ಉಳಿದು ಕೆಟ್ಟ ಅನ್ನದ ವಿಷ ಮತ್ತೆ ಕುದಿಸಿದರೂ ಹೋಗದು.

ಹಬ್ಬದ ದಿನ ಮನೆಯೊಡತಿಯೂ ಎಲ್ಲರ ಜತೆ ಕೂತು ಬಿಸಿ ಊಟ ಮಾಡಿದರೆ, ಅದಕ್ಕಿಂತ ದೊಡ್ಡ ಪಕ್ವಾನ್ನ ಇನ್ನೇನಿದೆ?