ತುಕ್ಕಿನ ಉಪಕಾರ

ಕನ್ನಡದ ಅಧ್ಯಾಪಕನಾದ ನನಗೆ ತುಕ್ಕೆಂಬುದು ಬಹುಕಾಲ ಒಂದು ಉಪಮಾನ ಮಾತ್ರವಾಗಿತ್ತು. ಬಳಸದ ಬುದ್ಧಿಗೆ ತುಕ್ಕು ಹಿಡಿಯುವುದೆಂದು ವಿದ್ಯಾರ್ಥಿಗಳಿಗೆ ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ. ಕಳೆದ ಬೇಸಗೆಯ ರಜೆಯಲ್ಲಿ ಊರಿಗೆ ಹೋದಾಗ ಆ ಮಾತನ್ನು ತಿದ್ದಿಕೊಳ್ಳಬೇಕಾಯಿತು.

ಅಣ್ಣನ ಮನೆಯಲ್ಲಿ ಗೋಬರ್ ಗ್ಯಾಸಿನ ಒಲೆಯಿದೆ. ಆ ಅನಿಲದಲ್ಲಿ ಉರಿಯುವ ಮೀಥೇನಿನೊಡನೆ ಹೈಡ್ರೋಜನ್ ಸಲ್ಫೈಡ್ ಎಂಬ ವಿಷವೂ ಅಲ್ಪಸ್ವಲ್ಪ ಬೆರೆತಿರುತ್ತದೆ. ಕೊಳೆತ ಮೊಟ್ಟೆಯ ನಾತ ಅದರ ಗುರುತು. ಉರಿದರೆ ಗಂಧಕದ ಘಾಟಾಗಿ ಕಣ್ಣು ಗಂಟಲುಗಳನ್ನು ಕೆರಳಿಸುತ್ತದೆ. ಅತ್ತಿಗೆಯ ಕೆಮ್ಮಿಗೂ ಒಲೆಗೂ ನಂಟಿದ್ದೀತೆಂದು ನಮಗಾರಿಗೂ ಹೊಳೆದಿರಲಿಲ್ಲ. ‘ಈಗೀಗ ನಾತವೇ ತಿಳಿಯುವುದಿಲ್ಲಪ್ಪ’ ಎಂದು ಅವರೇ ಅನ್ನುತ್ತಿದ್ದರು. ಈ ಅನಿಲದ ಮೋಸವೇ ಅದು: ಸತತವಾಗಿ ಸೇವಿಸಿದ ಮೂಗು ಸೋತು, ನಾತವನ್ನು ಅರಿಯದಾಗುತ್ತದೆ.

ಲೇತ್ ಕಾರ್ಖಾನೆಯಲ್ಲಿ ದುಡಿಯುವ ಅಣ್ಣನ ಮಗ ಒಂದು ದಿನ ಕಬ್ಬಿಣದ ಸುರುಳಿಸಿಪ್ಪೆಯನ್ನು ಗೋಣಿಚೀಲದಲ್ಲಿ ಹೊತ್ತು ತಂದನು. ಎಣ್ಣೆಯ ಜಿಡ್ಡನ್ನು ತೊಳೆದು, ಅಂಗಳದಲ್ಲಿ ಹರಡಿ, ದಿನವೂ ನೀರು ಚಿಮುಕಿಸಿದನು. ಅದು ಕೆಂಪಗೆ ತುಕ್ಕು ಹಿಡಿಯಿತು. ‘ಗುಜರಿಯನ್ನು ಮನೆಯಂಗಳಕ್ಕೇಕೆ ತಂದೆಯಪ್ಪಾ?’ ಎಂದು ನಾನು ಗದರಿದೆ. ಅವನು ನಕ್ಕು, ಅದನ್ನೊಂದು ಕೊಳವೆಯಲ್ಲಿ ಸಡಿಲವಾಗಿ ತುಂಬಿ, ಅನಿಲವು ಅದರ ಮೂಲಕ ಹಾದು ಒಲೆಗೆ ಬರುವಂತೆ ಮಾಡಿದನು. ಘಾಟು ಅಡಗಿತು.

ಈ ಉಪಾಯ ಎಲ್ಲಿಯದೆಂದು ಕುತೂಹಲಗೊಂಡು ಓದಿದಾಗ ಅದರ ವಯಸ್ಸು ತಿಳಿಯಿತು. ಕಲ್ಲಿದ್ದಲಿನ ಅನಿಲದಿಂದ ಬೀದಿದೀಪಗಳನ್ನು ಉರಿಸುತ್ತಿದ್ದ ಹತ್ತೊಂಬತ್ತನೆಯ ಶತಮಾನದ ಇಂಗ್ಲೆಂಡಿನಲ್ಲಿ ಮೊದಮೊದಲು ಈ ವಿಷವನ್ನು ಸುಣ್ಣದಿಂದ ತೆಗೆಯುತ್ತಿದ್ದರು. ಬಳಸಿದ ಸುಣ್ಣವೇ ನಾರುವ ಕಸವಾಗಿ ಊರಿಗೆ ಪೀಡೆಯಾಯಿತು. 1849ರಲ್ಲಿ ಫ್ರಾಂಕ್ ಹಿಲ್ಸ್ ಎಂಬವನು ಕಬ್ಬಿಣದ ಆಕ್ಸೈಡನ್ನು ಬಳಸುವ ಕ್ರಮಕ್ಕೆ ಪೇಟೆಂಟ್ ಪಡೆದನು. ಈ ಆಕ್ಸೈಡೆಂದರೆ ನಮ್ಮ ತುಕ್ಕೇ. ಅದು ಅನಿಲದ ಗಂಧಕವನ್ನು ಹೀರಿ ಕಪ್ಪಾಗುತ್ತದೆ; ಗಾಳಿಗೆ ಹರಡಿದರೆ ಗಂಧಕವನ್ನು ಬಿಡಿಯಾಗಿ ಉಳಿಸಿ ಮತ್ತೆ ಕೆಂಪಾಗುತ್ತದೆ. ಹೀಗೆ ಹಲವು ಸಲ ದುಡಿದು, ತನ್ನ ತೂಕದ ಅರ್ಧದಷ್ಟು ಗಂಧಕವನ್ನು ತುಂಬಿಕೊಂಡ ಮೇಲೆ, ಅದನ್ನು ಗಂಧಕಾಮ್ಲದ ತಯಾರಕರು ಕೊಳ್ಳುತ್ತಿದ್ದರು. ಕಸವು ಕಸವನ್ನು ತೊಳೆದು, ಕಡೆಗೆ ತಾನೇ ಸರಕಾಗುತ್ತಿತ್ತು.

ದಸರೆಗೆ ಮತ್ತೆ ಹೋದಾಗ ಹುಡುಗನು ಕೊಳವೆಯನ್ನು ಬಿಚ್ಚಿ, ಕಪ್ಪಾದ ಸಿಪ್ಪೆಯನ್ನು ಅಂಗಳದಲ್ಲಿ ಹರಡುತ್ತಿದ್ದನು. ಮುಟ್ಟಿದೆ, ಬೆಚ್ಚಗಿತ್ತು. ‘ಒಣಗಗೊಡಬೇಡಿ ಚಿಕ್ಕಪ್ಪ, ತಾನಾಗಿಯೇ ಬೆಂಕಿ ಹತ್ತಿಕೊಂಡೀತು’ ಎಂದು ನೀರಿನ ತಂಬಿಗೆಯನ್ನು ನನ್ನ ಕೈಗಿತ್ತನು. ನಾನು ಶಿಷ್ಯನಂತೆ ನೀರು ಚಿಮುಕಿಸುತ್ತ ನಿಂತೆ. ಅಡಿಗೆಮನೆಯಿಂದ ಒಗ್ಗರಣೆಯ ಸದ್ದು ಕೇಳಿತು. ಅದರ ಬೆನ್ನಿಗೆ ಎಂದಿನಂತೆ ಬರುತ್ತಿದ್ದ ಕೆಮ್ಮು ಕೇಳಲಿಲ್ಲ.

ನೋಡನೋಡುತ್ತ ಕಪ್ಪಿನ ಅಂಚಿನಲ್ಲಿ ಕೆಂಪು ಮೂಡತೊಡಗಿತು. ಇನ್ನು ಮುಂದೆ ತರಗತಿಯಲ್ಲಿ ಆ ಹಳೆಯ ಉಪಮಾನವನ್ನು ಎಚ್ಚರದಿಂದ ಬಳಸಬೇಕು.