ದೋಣಿಮನೆಯ ಪ್ರವಾಸ

ರಜೆಯ ದಿನಗಳು ಹತ್ತಿರ ಬಂದೊಡನೆ ಪಟ್ಟಣವಾಸಿಗಳಾದ ನಮಗೆ ಎಲ್ಲಿಗಾದರೂ ಹೋಗಬೇಕೆಂಬ ಬಯಕೆ ಹುಟ್ಟುವುದು ಸಹಜ. ಗಿರಿಧಾಮಗಳೂ ಪುಣ್ಯಕ್ಷೇತ್ರಗಳೂ ನಮಗೆ ಚಿರಪರಿಚಿತವಾದುವು. ಆದರೆ ನೀರಿನ ಮೇಲೆಯೇ ಮೂರು ನಾಲ್ಕು ದಿನ ವಾಸಮಾಡಿ ಬರುವ ಪ್ರವಾಸವು ನಮ್ಮಲ್ಲಿ ಅನೇಕರಿಗೆ ಹೊಸದು. ಕೇರಳದ ಆಲಪ್ಪುಳದ ಸುತ್ತಿನ ಹಿನ್ನೀರಿನಲ್ಲಿ ಇಂಥ ಪ್ರವಾಸವನ್ನು ಏರ್ಪಡಿಸಿಕೊಳ್ಳುವ ಬಗೆ ಹೇಗೆ, ಅದಕ್ಕೆ ಮುಂಚೆ ತಿಳಿದಿರಬೇಕಾದ ವಿಷಯಗಳು ಯಾವುವು ಎಂಬುದನ್ನು ಈ ಹೊತ್ತು ವಿವರಿಸಬೇಕೆಂದಿದ್ದೇನೆ.

ಹಿನ್ನೀರು ಎಂದೊಡನೆ ಮೈಸೂರಿನವರ ಕಣ್ಣಿಗೆ ಕಟ್ಟುವುದು ಕನ್ನಂಬಾಡಿ ಕಟ್ಟೆಯ ಹಿಂದೆ ತುಂಬಿ ನಿಂತ ಕಾವೇರಿ. ಕೇರಳದ ಹಿನ್ನೀರು ಅಂಥದಲ್ಲ. ಅದು ಪ್ರಕೃತಿಯೇ ಒದಗಿಸಿದ ಜಲರಾಶಿ. ಪಶ್ಚಿಮ ಘಟ್ಟಗಳಿಂದ ಇಳಿದು ಬರುವ ನದಿಗಳು ಕಡಲನ್ನು ಸೇರುವ ಮುನ್ನ ತೀರದ ಮರಳುದಿಣ್ಣೆಗಳ ಹಿಂದೆ ಹರಡಿ ನಿಂತು, ಉಬ್ಬರದ ಉಪ್ಪುನೀರಿನೊಡನೆ ಬೆರೆತು, ಸರೋವರಗಳಾಗಿವೆ. ಇವನ್ನು ಮಲೆಯಾಳದಲ್ಲಿ ಕಾಯಲ್ ಎನ್ನುತ್ತಾರೆ. ಇವುಗಳಲ್ಲಿ ಹಿರಿದಾದುದು ವೇಂಬನಾಡು ಕಾಯಲ್. ಅದರ ಉದ್ದ ಸುಮಾರು 96 ಕಿಲೋಮೀಟರ್. ಇದರ ದಕ್ಷಿಣದಲ್ಲಿ ಪಂಪಾ, ಮಣಿಮಲ, ಅಚ್ಚನ್‌ಕೋವಿಲ್, ಮೀನಚ್ಚಿಲ್ ನದಿಗಳು ತಂದು ಸುರಿದ ಮೆಕ್ಕಲು ಮಣ್ಣಿನ ನಾಡೇ ಕುಟ್ಟನಾಡು. ಇಲ್ಲಿನ ಗದ್ದೆಗಳಲ್ಲಿ ಬಹುಭಾಗ ಸಮುದ್ರಮಟ್ಟಕ್ಕಿಂತ ಕೆಳಗಿರುವುದೊಂದು ವಿಶೇಷ. ಸುತ್ತಲೂ ಮಣ್ಣಿನ ಏರಿಯನ್ನು ಕಟ್ಟಿ, ಒಳಗಿನ ನೀರನ್ನು ಹೊರಕ್ಕೆ ಹಾಯಿಸಿ ಬತ್ತವನ್ನು ಬೆಳೆಯುತ್ತಾರೆ. ದೋಣಿಯು ಮೇಲಿನ ನೀರಿನಲ್ಲಿ ಸಾಗುತ್ತಿರುವಾಗ ಪಕ್ಕದ ಪೈರು ಕೆಳಗೆ ತೂಗುತ್ತಿರುವ ನೋಟವನ್ನು ಬೇರೆಡೆಯಲ್ಲಿ ಕಾಣುವುದು ಅಪರೂಪ.

ಇನ್ನು ದೋಣಿಯ ವಿಚಾರ. ಇಂದಿನ ದೋಣಿಮನೆಯ ಪೂರ್ವಜನೇ ಕೆಟ್ಟುವಳ್ಳಂ. ಕೆಟ್ಟು ಎಂದರೆ ಕಟ್ಟು, ವಳ್ಳಂ ಎಂದರೆ ದೋಣಿ. ಹಲಗೆಗಳನ್ನು ಮೊಳೆ ಹೊಡೆಯದೆ ತೆಂಗಿನ ನಾರಿನ ಹುರಿಯಿಂದ ಹೊಲಿದು, ಗೇರುಬೀಜದ ಸಿಪ್ಪೆಯ ಎಣ್ಣೆಯನ್ನು ಬಳಿದು ಇದನ್ನು ಕಟ್ಟುತ್ತಿದ್ದರು. ಬತ್ತವನ್ನೂ ಕೊಬ್ಬರಿಯನ್ನೂ ಹೊತ್ತು ಸಾಗುವುದೇ ಇದರ ಕೆಲಸವಾಗಿತ್ತು. ರಸ್ತೆಗಳೂ ಲಾರಿಗಳೂ ಬಂದಮೇಲೆ ಕೆಲಸವಿಲ್ಲದೆ ಬಿದ್ದಿದ್ದ ಈ ದೋಣಿಗಳಿಗೆ 1990ರ ದಶಕದಲ್ಲಿ ಬಿದಿರು ಚಾಪೆಗಳ ಮಾಡನ್ನು ಹೊದಿಸಿ, ಮಲಗುವ ಕೋಣೆ, ಅಡಿಗೆಮನೆ, ಸ್ನಾನದ ಮನೆಗಳನ್ನು ಕೂಡಿಸಿ, ಪ್ರವಾಸಿಗಳಿಗೆ ಬಾಡಿಗೆಗೆ ಕೊಡುವ ಪದ್ಧತಿ ಹಬ್ಬಿತು.

ಹೊರಡುವ ಕಾಲವನ್ನು ಮೊದಲು ನಿಶ್ಚಯಿಸಬೇಕು. ಜೂನ್‌ನಿಂದ ಸೆಪ್ಟೆಂಬರಿನವರೆಗೆ ನೈಋತ್ಯ ಮಾರುತದ ಮಳೆ. ಅಕ್ಟೋಬರ್, ನವೆಂಬರುಗಳಲ್ಲಿ ಸಂಜೆಯ ಗುಡುಗು ಮಳೆ. 2018ರ ಆಗಸ್ಟಿನ ಪ್ರವಾಹದಲ್ಲಿ ಕುಟ್ಟನಾಡಿಗೆ ಕುಟ್ಟನಾಡೇ ಮುಳುಗಿದುದನ್ನು ಮರೆಯುವಂತಿಲ್ಲ. ಡಿಸೆಂಬರಿನಿಂದ ಫೆಬ್ರವರಿಯವರೆಗಿನ ಕಾಲ ಹಿತಕರವಾದುದು. ಆಗ ಗದ್ದೆಗಳೂ ಹಸಿರಾಗಿರುತ್ತವೆ. ಆದರೆ ಜನಸಂದಣಿಯೂ ಬಾಡಿಗೆಯೂ ಆಗಲೇ ಹೆಚ್ಚು. ವರ್ಷಾಂತ್ಯದ ವಾರವನ್ನು ಬಿಟ್ಟು ಜನವರಿಯ ನಡುವಿನ ವಾರದ ದಿನಗಳನ್ನು ಆರಿಸಿಕೊಂಡರೆ ಎರಡೂ ತಗ್ಗುತ್ತವೆ. ದೋಣಿಯೋಟದ ಪಂದ್ಯವನ್ನು ನೋಡಬೇಕೆಂಬವರು ಮಾತ್ರ ಮಳೆಗೆ ಅಂಜಬಾರದು. 1952ರಲ್ಲಿ ಆರಂಭವಾದ ನೆಹರು ಟ್ರೋಫಿ ಪಂದ್ಯ ಆಲಪ್ಪುಳದ ಪುನ್ನಮಡ ಕಾಯಲಿನಲ್ಲಿ ನಡೆಯುವುದು ಮಳೆಗಾಲದಲ್ಲಿಯೇ.

ದೋಣಿಯನ್ನು ಗೊತ್ತುಮಾಡುವಾಗ ಅಲಂಕಾರಕ್ಕಿಂತ ಮೊದಲು ಕ್ಷೇಮವನ್ನು ವಿಚಾರಿಸತಕ್ಕದ್ದು. ಮಲೆಯಾಳದ ಮಹಾಕವಿ ಕುಮಾರನ್ ಆಶಾನ್ 1924ರ ಜನವರಿಯಲ್ಲಿ ಪಲ್ಲನ ಎಂಬಲ್ಲಿ ಪ್ರಾಣಬಿಟ್ಟುದು, ಮಿತಿಮೀರಿ ಜನರನ್ನು ತುಂಬಿಕೊಂಡಿದ್ದ ದೋಣಿ ಮಗುಚಿದುದರಿಂದ. ಒಂದು ಶತಮಾನ ಕಳೆದರೂ ಆ ಪಾಠ ಹಳತಾಗಿಲ್ಲ. 2023ರ ಮೇ 7ರಂದು ಮಲಪ್ಪುರಂ ಜಿಲ್ಲೆಯ ತಾನೂರಿನಲ್ಲಿ ವಿಹಾರದ ದೋಣಿಯೊಂದು ಮುಳುಗಿ 22 ಜನ ಸತ್ತರು. ಅಲ್ಲಿಯೂ ಜನ ಹೆಚ್ಚಾಗಿದ್ದರು, ಹೊತ್ತು ಮುಳುಗಿತ್ತು. ಆದುದರಿಂದ ದೋಣಿಗೆ ನೋಂದಣಿ ಪತ್ರವಿದೆಯೆ, ಎಷ್ಟು ಜನಕ್ಕೆ ಅನುಮತಿಯಿದೆ, ತಲೆಗೊಂದರಂತೆ ಲೈಫ್ ಜಾಕೆಟ್ಟುಗಳಿವೆಯೆ, ಬೆಂಕಿಯನ್ನು ಆರಿಸುವ ಉಪಕರಣವಿದೆಯೆ ಎಂಬ ನಾಲ್ಕು ಪ್ರಶ್ನೆಗಳನ್ನು ಹಣ ಕೊಡುವುದಕ್ಕೆ ಮೊದಲೇ ಕೇಳಬೇಕು. ಕೇಳಿದರೆ ಯೋಗ್ಯನಾದ ಮಾಲೀಕನು ಬೇಸರಪಡುವುದಿಲ್ಲ. ಬೇಸರಪಟ್ಟರೆ ಆ ದೋಣಿಯನ್ನು ಬಿಡುವುದೇ ಲೇಸು.

ವಾಡಿಕೆಯಂತೆ ಬಾಡಿಗೆಯ ದಿನ ಮಧ್ಯಾಹ್ನಕ್ಕೆ ಆರಂಭವಾಗಿ ಮರುದಿನ ಬೆಳಗ್ಗೆ ಒಂಬತ್ತು ಗಂಟೆಯ ಸುಮಾರಿಗೆ ಮುಗಿಯುತ್ತದೆ. ಸಂಜೆಯಾಗುತ್ತಲೇ ದೋಣಿ ದಡಕ್ಕೆ ಕಟ್ಟಲ್ಪಡುತ್ತದೆ. ಇದು ಸೋಮಾರಿತನವಲ್ಲ, ರಾತ್ರಿ ಬಲೆ ಬೀಸುವ ಬೆಸ್ತರಿಗೆ ದಾರಿ ಬಿಡುವ ಏರ್ಪಾಡು. ವೇಗವೂ ಗಂಟೆಗೆ ಹತ್ತು ಕಿಲೋಮೀಟರಿಗಿಂತ ಹೆಚ್ಚಿರದು. ಒಂದೇ ರಾತ್ರಿ ಉಳಿದು ಬರುವವರು ಜನನಿಬಿಡವಾದ ಕಾಲುವೆಗಳನ್ನಷ್ಟೇ ಕಂಡು ಹಿಂದಿರುಗುತ್ತಾರೆ. ಮೂರು ರಾತ್ರಿಗಳಾದರೂ ಬೇಕೆನ್ನುವುದಕ್ಕೆ ಇದೇ ಕಾರಣ.

ದಾರಿಯನ್ನು ಹೀಗೆ ಹಾಕಿಕೊಳ್ಳಬಹುದು. ಬೆಂಗಳೂರಿನಿಂದ ರೈಲಿನಲ್ಲಿ ಎರ್ನಾಕುಳಂಗೆ ಹೋಗಿ, ಅಲ್ಲಿಂದ ಸುಮಾರು 55 ಕಿಲೋಮೀಟರ್ ದೂರದ ಆಲಪ್ಪುಳವನ್ನು ಸೇರುವುದು. ಮೊದಲನೆಯ ದಿನ ಪುನ್ನಮಡದಿಂದ ಹೊರಟು ಕೈನಕರಿಯ ಸುತ್ತಿನ ಏರಿಗಳ ನಡುವೆ ಸಾಗುವುದು. ಎರಡನೆಯ ದಿನ ಪಂಪೆಯ ದಡದ ಚಂಪಕುಳದ ಪ್ರಾಚೀನ ಇಗರ್ಜಿಯನ್ನು ನೋಡಿ, ಕರುಮಾಡಿಯ ಕಡೆ ತಿರುಗುವುದು. ಅಲ್ಲಿ ಕರುಮಾಡಿಕುಟ್ಟನ್ ಎಂದು ಜನ ಕರೆಯುವ ಕರಿಯ ಶಿಲೆಯ ಬುದ್ಧನ ವಿಗ್ರಹವಿದೆ. ಸಮೀಪದ ತಕಳಿಯು 1984ರ ಜ್ಞಾನಪೀಠ ಪ್ರಶಸ್ತಿಯನ್ನು ಪಡೆದ ಶಿವಶಂಕರ ಪಿಳ್ಳೆಯವರ ಊರು. ಮೂರನೆಯ ದಿನ ಉತ್ತರಕ್ಕೆ ಹೊರಟು, 1940ರ ದಶಕದಲ್ಲಿ ಕಾಯಲಿನಿಂದ ಗೆದ್ದುಕೊಂಡ ಚಿತ್ತಿರ, ಮಾರ್ತಾಂಡಂ ಎಂಬ ಗದ್ದೆಬಯಲುಗಳ ಪಕ್ಕದಲ್ಲಿ ಹಾದು, ಪಾತಿರಾಮಣಲ್ ದ್ವೀಪವನ್ನು ದೂರದಿಂದ ಕಂಡು, ಕುಮರಕಂನ ಪಕ್ಷಿಧಾಮದ ಬಳಿ ತಂಗುವುದು. ಕಿರಿದಾದ ಕಾಲುವೆಗಳಿಗೆ ದೊಡ್ಡ ದೋಣಿ ಹೋಗಲಾರದು; ದಿನಕ್ಕೆ ಒಂದೆರಡು ಗಂಟೆಯ ಹೊತ್ತು ಹುಟ್ಟುಹಾಕುವ ಸಣ್ಣ ದೋಣಿಯನ್ನು ಹಿಡಿಯುವುದು ಒಳ್ಳೆಯದು. ಊಟವನ್ನು ದೋಣಿಯ ಅಡಿಗೆಯವನೇ ಸಿದ್ಧಪಡಿಸುತ್ತಾನೆ. ಸಸ್ಯಾಹಾರಿಗಳು ಮುಂಚೆಯೇ ತಿಳಿಸಿದರೆ ತೊಂದರೆಯಿಲ್ಲ. ಸೊಳ್ಳೆಗೆ ಔಷಧ, ತೆಳುವಾದ ಹತ್ತಿಯ ಬಟ್ಟೆ, ಒಂದು ಟಾರ್ಚು ಇದ್ದರೆ ಸಾಕು.

ಕಡೆಯದಾದರೂ ಮುಖ್ಯವಾದ ಮಾತೊಂದುಂಟು. 1970ರ ದಶಕದಲ್ಲಿ ಬಳಕೆಗೆ ಬಂದ ತಣ್ಣೀರ್‌ಮುಕ್ಕಂ ಕಟ್ಟೆಯನ್ನು ಬತ್ತಕ್ಕೆ ಉಪ್ಪುನೀರು ತಾಗದಿರಲೆಂದು ಡಿಸೆಂಬರಿನ ನಡುವಿನಿಂದ ಬೇಸಿಗೆಯವರೆಗೆ ಮುಚ್ಚುತ್ತಾರೆ. ರೈತನಿಗೆ ಇದು ರಕ್ಷಣೆ. ಆದರೆ ಉಬ್ಬರವಿಳಿತಗಳು ನಿಂತುಹೋಗುವುದರಿಂದ ಮೀನು, ಸಿಗಡಿಗಳ ಸಂಚಾರ ಕುಂದಿ ಬೆಸ್ತನಿಗೆ ನಷ್ಟವಾಗುತ್ತದೆ. ಒಳಗಿನ ಕೊಳೆಯೂ ಕಡಲಿಗೆ ಕೊಚ್ಚಿಹೋಗದೆ ನಿಲ್ಲುತ್ತದೆ. ಅಂತರಗಂಗೆಯ ಕಳೆ ಹಬ್ಬುತ್ತದೆ. ನಾವು ವಿಹಾರಕ್ಕೆ ಹೋಗುವ ಕಾಲವೂ ಇದೇ ಆಗಿದೆ. ಇದೇ ನೀರಿನಲ್ಲಿ ದಡದ ಹೆಂಗಸರು ಪಾತ್ರೆ ಬಟ್ಟೆಗಳನ್ನು ತೊಳೆಯುತ್ತಾರೆ, ಮಕ್ಕಳು ಮೀಯುತ್ತಾರೆ. ಸುತ್ತ ನೀರೇ ನೀರಾದರೂ ಕುಡಿಯುವ ನೀರಿಗೆ ಕುಟ್ಟನಾಡಿನವರು ಪಡುವ ಪಾಡು ಅಷ್ಟಿಷ್ಟಲ್ಲ. ಆದುದರಿಂದ ದೋಣಿಯ ಮಲಮೂತ್ರಗಳು ತೊಟ್ಟಿಯಲ್ಲಿ ಸಂಗ್ರಹವಾಗಿ ದಡದ ಶುದ್ಧೀಕರಣ ಘಟಕವನ್ನು ಸೇರುವುವೊ, ಕಾಯಲನ್ನೇ ಸೇರುವುವೊ ಎಂಬುದು ನಾವು ಕೇಳಬೇಕಾದ ಐದನೆಯ ಪ್ರಶ್ನೆ. ಹಣ ತೆರುವವನು ಕೇಳದ ಹೊರತು ಮಾಲೀಕನು ಅದನ್ನು ತಾನಾಗಿ ಹೇಳುವ ಸಂಭವ ಕಡಿಮೆ.

ನಾಲ್ಕು ದಿನದ ಅತಿಥಿಗಳಾದ ನಮಗೆ ಆ ನೀರು ನೋಟದ ವಸ್ತು; ಅಲ್ಲಿಯವರಿಗೆ ಅದು ಬೀದಿ, ಹೊಲ, ಬಾವಿ ಎಲ್ಲವೂ ಹೌದು. ಇದನ್ನು ನೆನಪಿನಲ್ಲಿಟ್ಟು ಕಾಲವನ್ನೂ ದೋಣಿಯನ್ನೂ ದಾರಿಯನ್ನೂ ಗೊತ್ತುಮಾಡಿಕೊಂಡವರಿಗೆ ಈ ಪ್ರವಾಸದಿಂದ ಸಂತೋಷವೂ ತಿಳಿವಳಿಕೆಯೂ ಒಟ್ಟಿಗೆ ದೊರೆಯುವುದರಲ್ಲಿ ಸಂದೇಹವಿಲ್ಲ.